ಬ್ಯಾಕ್ಟೀರಿಯದ ಪ್ರೋಟೀನು: ನಯವಾಗಿ ತೆಗೆಯುವ ಬಗೆ, ಅಪಾಯವಿಲ್ಲದೆ ಬಣ್ಣಗೊಳಿಸುವ ಬಗೆ

ನಿಟ್ಟುವಳ್ಳಿಯ ಯಾವ ಮನೆಯಲ್ಲಾದರೂ ರಾತ್ರಿ ರುಬ್ಬಿಟ್ಟ ದೋಸೆಯ ಹಿಟ್ಟು ಬೆಳಗಾಗುವ ಹೊತ್ತಿಗೆ ಉಬ್ಬಿ ಹುಳಿಯೇರಿದ್ದರೆ ಅದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಕೆಲಸ. ಅವುಗಳಲ್ಲಿ ಮುಖ್ಯವಾದುದು ಲ್ಯೂಕೊನೊಸ್ಟಾಕ್ ಎಂಬ ಕುಲ. ಹಿಟ್ಟಿನೊಳಗಿನ ಸಕ್ಕರೆಯನ್ನು ಆಮ್ಲವನ್ನಾಗಿಯೂ ಅನಿಲವನ್ನಾಗಿಯೂ ಮಾರ್ಪಡಿಸುವ ಸಾಮರ್ಥ್ಯ ಈ ಸೂಕ್ಷ್ಮಜೀವಿಗೆ ಬಂದದ್ದು ಅದರ ಕೋಶದಲ್ಲಿರುವ ಕಿಣ್ವಗಳಿಂದ. ಕಿಣ್ವಗಳು ಬಹುತೇಕ ಪ್ರೋಟೀನುಗಳೇ. ನೀರಿನಂಶವನ್ನು ಕಳೆದರೆ ಬ್ಯಾಕ್ಟೀರಿಯದ ತೂಕದಲ್ಲಿ ಸುಮಾರು ಅರ್ಧಭಾಗ ಪ್ರೋಟೀನೇ ಆಗಿರುತ್ತದೆ. 1885ರಲ್ಲಿ ಎಷೆರಿಕ್ ಎಂಬ ವೈದ್ಯನು ವರ್ಣಿಸಿದ, ಮನುಷ್ಯನ ಕರುಳಿನಲ್ಲಿ ವಾಸಿಸುವ ಎಷೆರಿಕಿಯ ಕೋಲೈ ಎಂಬ ಬ್ಯಾಕ್ಟೀರಿಯ ಉದ್ದದಲ್ಲಿ ಒಂದು ಮಿಲಿಮೀಟರಿನ ಐನೂರರಲ್ಲೊಂದು ಭಾಗದಷ್ಟಿದ್ದರೂ ನಾಲ್ಕು ಸಾವಿರಕ್ಕೂ ಮಿಕ್ಕಿದ ಬಗೆಯ ಪ್ರೋಟೀನುಗಳನ್ನು ಕಟ್ಟಬಲ್ಲದು. ಈ ಭಂಡಾರದ ಬಾಗಿಲನ್ನು ತೆರೆಯುವುದು ಹೇಗೆ, ಒಳಗಿರುವುದನ್ನು ಕೆಡಿಸದೆ ಹೊರತರುವುದು ಹೇಗೆ, ತಂದದ್ದನ್ನು ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ ಎಂಬುದು ಜೀವರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಕಲಿಯುವ ಮೊದಲ ಪಾಠಗಳಲ್ಲಿ ಒಂದು.

ಈ ಶಾಸ್ತ್ರ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನ ವಿಭಾಗ 1921ರಲ್ಲಿಯೇ ತಲೆಯೆತ್ತಿತು. 1978ರಲ್ಲಿ ಅದೇ ನಗರದಲ್ಲಿ ಬಯೋಕಾನ್ ಸಂಸ್ಥೆ ಪರಂಗಿಕಾಯಿಯ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನು ತೆಗೆಯುವುದರೊಂದಿಗೆ ತನ್ನ ವ್ಯವಹಾರವನ್ನು ಆರಂಭಿಸಿತು. ದಾವಣಗೆರೆಯಲ್ಲಿ 1965ರಲ್ಲಿ ವೈದ್ಯಕೀಯ ಕಾಲೇಜು ಬಂದಿತು. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯವೇ ರೂಪುಗೊಂಡಿತು. ಒಂದು ಕಾಲಕ್ಕೆ ರಾಜಧಾನಿಯ ಹಿರಿಯ ಸಂಶೋಧಕರಿಗೆ ಮಾತ್ರ ಮೀಸಲಾಗಿದ್ದ ಪ್ರಯೋಗಗಳನ್ನು ಈಗ ಜಿಲ್ಲಾ ಕೇಂದ್ರಗಳ ಪದವಿ ವಿದ್ಯಾರ್ಥಿಗಳೂ ಮಾಡುತ್ತಾರೆ. ಪ್ರಯೋಗಗಳು ಊರೂರಿಗೆ ಬಂದವು. ಅವುಗಳೊಡನೆ ವಿಷದ ಸೀಸೆಗಳೂ ಬಂದವು. ಗಾಳಿ ಹೊರಹೋಗುವ ಗೂಡು ಇಲ್ಲದ, ಒಂದೇ ಕಿಟಕಿಯ ಕೋಣೆಯಲ್ಲಿ ನಲವತ್ತು ವಿದ್ಯಾರ್ಥಿಗಳು ನಿಂತು ಕೆಲಸ ಮಾಡುವ ಕಡೆ ಇದನ್ನು ಕಡೆಗಣಿಸುವಂತಿಲ್ಲ.

ಮೊದಲು ಕೋಶವನ್ನು ಒಡೆಯುವ ವಿಚಾರ. ಬ್ಯಾಕ್ಟೀರಿಯಕ್ಕೆ ಗಟ್ಟಿಯಾದ ಹೊರಗೋಡೆಯಿದೆ. ಅದನ್ನು ಬಲಪ್ರಯೋಗದಿಂದ ಒಡೆಯುವ ವಿಧಾನಗಳು ಹಲವು: ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಅದುರಿಸುವುದು, ಸಣ್ಣ ಗಾಜಿನ ಮಣಿಗಳೊಂದಿಗೆ ಕುಲುಕುವುದು, ಅತ್ಯಧಿಕ ಒತ್ತಡದಲ್ಲಿ ಕಿರಿದಾದ ರಂಧ್ರದ ಮೂಲಕ ತೂರಿಸುವುದು. ಇವೆಲ್ಲ ಬೇಗನೆ ಕೆಲಸ ಮುಗಿಸುತ್ತವೆ. ಆದರೆ ಇವೆಲ್ಲದರಲ್ಲಿಯೂ ಶಾಖ ಹುಟ್ಟುತ್ತದೆ, ನೊರೆಯೇಳುತ್ತದೆ. ಶಾಖ, ನೊರೆ ಎರಡೂ ಪ್ರೋಟೀನಿಗೆ ಶತ್ರುಗಳು. ಪ್ರೋಟೀನೆಂಬುದು ಅಮೈನೊ ಆಮ್ಲಗಳ ಉದ್ದನೆಯ ಸರಪಳಿ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡು ಆದ ವಸ್ತು. ಮಡಿಕೆ ಬಿಚ್ಚಿಹೋದರೆ ಸರಪಳಿ ಉಳಿಯುತ್ತದೆ, ಶಕ್ತಿ ಉಳಿಯುವುದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾದ ಮರಳಿನಲ್ಲಿ ಅರಳಿದ ಅಕ್ಕಿ ತಣ್ಣಗಾದ ಮಾತ್ರಕ್ಕೆ ಮತ್ತೆ ಮೊದಲಿನ ಅಕ್ಕಿಯಾಗುವುದಿಲ್ಲ.

ನಯವಾದ ವಿಧಾನಕ್ಕೆ ದಾರಿ ತೋರಿದ್ದು ನೆಗಡಿ ಎಂದರೆ ಆಶ್ಚರ್ಯವಾದೀತು. 1921ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿದ್ದ ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿಯಿಂದ ನರಳುತ್ತಿದ್ದಾಗ ತನ್ನ ಮೂಗಿನ ಸಿಂಬಳವನ್ನೇ ಬ್ಯಾಕ್ಟೀರಿಯ ಬೆಳೆಸುವ ತಟ್ಟೆಗೆ ಹಾಕಿ ನೋಡಿದನು. ಒಂದು ಬಗೆಯ ಹಳದಿ ಬ್ಯಾಕ್ಟೀರಿಯ ಅದರ ಬಳಿ ಕರಗಿಹೋಗುತ್ತಿದ್ದುದು ಕಂಡಿತು. ಆ ಬ್ಯಾಕ್ಟೀರಿಯದ ಹಾಲಿನಂಥ ಮಂದ ದ್ರಾವಣಕ್ಕೆ ಕಣ್ಣೀರನ್ನು ಬೆರೆಸಿದಾಗ ಕೆಲವೇ ನಿಮಿಷಗಳಲ್ಲಿ ಅದು ನೀರಿನಂತೆ ತಿಳಿಯಾಯಿತು. ಕಣ್ಣೀರನ್ನು ಪಡೆಯುವುದಕ್ಕಾಗಿ ಪ್ರಯೋಗಶಾಲೆಗೆ ಬಂದವರ ಕಣ್ಣಿಗೆ ನಿಂಬೆಯ ಸಿಪ್ಪೆಯನ್ನು ಹಿಂಡುತ್ತಿದ್ದರಂತೆ. 1922ರಲ್ಲಿ ಪ್ರಕಟವಾದ ಈ ಶೋಧದಿಂದ ಲೈಸೊಜೈಮ್ ಎಂಬ ಕಿಣ್ವ ಲೋಕಕ್ಕೆ ತಿಳಿಯಿತು. ಪೆನಿಸಿಲಿನ್ನಿನ ಕೀರ್ತಿಯ ಬೆಳಕಿನಲ್ಲಿ ಫ್ಲೆಮಿಂಗನ ಈ ಮೊದಲ ಶೋಧವನ್ನು ಜನ ಮರೆತಿರುವುದು ನ್ಯಾಯವಲ್ಲ. 1965ರಲ್ಲಿ ಡೇವಿಡ್ ಫಿಲಿಪ್ಸ್ ಮತ್ತು ಸಂಗಡಿಗರು ಎಕ್ಸ್-ಕಿರಣಗಳ ಸಹಾಯದಿಂದ ಇದರ ರಚನೆಯನ್ನು ಬಿಡಿಸಿದರು. ಕಿಣ್ವವೊಂದರ ರಚನೆ ಹೀಗೆ ಬೆಳಕಿಗೆ ಬಂದದ್ದು ಅದೇ ಮೊದಲು.

ಬ್ಯಾಕ್ಟೀರಿಯದ ಗೋಡೆ ಎರಡು ಬಗೆಯ ಸಕ್ಕರೆಯ ಕೊಂಡಿಗಳು ಒಂದನ್ನೊಂದು ಹಿಡಿದುಕೊಂಡು ಹೆಣೆದ ಬಲೆ. ಲೈಸೊಜೈಮ್ ಆ ಕೊಂಡಿಗಳ ನಡುವಣ ಬೆಸುಗೆಯನ್ನು ಮಾತ್ರ ಕತ್ತರಿಸುತ್ತದೆ. ಒಳಗಿನ ಪ್ರೋಟೀನುಗಳನ್ನು ಮುಟ್ಟುವುದಿಲ್ಲ. ಮಣ್ಣಿನಲ್ಲಿ ಧಾರಾಳವಾಗಿರುವ ಬ್ಯಾಸಿಲಸ್ ಸಬ್ಟಿಲಿಸ್‌ನಂಥ, ಗೋಡೆಯು ನೇರವಾಗಿ ಹೊರಕ್ಕೆ ತೆರೆದುಕೊಂಡಿರುವ ಬ್ಯಾಕ್ಟೀರಿಯಕ್ಕೆ ಈ ಕಿಣ್ವವೊಂದೇ ಸಾಕಾದೀತು. ಎಷೆರಿಕಿಯ ಕೋಲೈಗೆ ಮಾತ್ರ ಗೋಡೆಯ ಮೇಲೆ ಇನ್ನೊಂದು ಹೊರಪೊರೆಯಿದೆ. ಆ ಪೊರೆಯನ್ನು ಬಿಗಿಯಾಗಿ ಹಿಡಿದಿರುವುದು ಮೆಗ್ನೀಸಿಯಮ್ ಮತ್ತು ಕ್ಯಾಲ್ಸಿಯಮ್ ಅಯಾನುಗಳು. ಇ.ಡಿ.ಟಿ.ಎ. ಎಂಬ ರಾಸಾಯನಿಕ ಆ ಅಯಾನುಗಳನ್ನು ಕಸಿದುಕೊಳ್ಳುತ್ತದೆ, ಪೊರೆ ಸಡಿಲವಾಗುತ್ತದೆ, ಲೈಸೊಜೈಮಿಗೆ ದಾರಿಯಾಗುತ್ತದೆ.

ಕ್ರಮ ಕಷ್ಟದ್ದಲ್ಲ. ಬೆಳೆಸಿದ ಬ್ಯಾಕ್ಟೀರಿಯವನ್ನು ಸೆಂಟ್ರಿಫ್ಯೂಜ್ ಯಂತ್ರದಲ್ಲಿ ತಿರುಗಿಸಿ ತಳಕ್ಕಿಳಿಸಿ, ಒಂದು ಗ್ರಾಂ ಹಸಿ ಕೋಶಕ್ಕೆ ಐದು ಮಿಲಿಲೀಟರಿನಂತೆ ತಣ್ಣನೆಯ ಬಫರ್ ದ್ರಾವಣದಲ್ಲಿ ಕದಡಬೇಕು. ಬಫರಿನಲ್ಲಿ 50 ಮಿಲಿಮೋಲಾರ್ ಟ್ರಿಸ್, 100 ಮಿಲಿಮೋಲಾರ್ ಉಪ್ಪು, 1 ಮಿಲಿಮೋಲಾರ್ ಇ.ಡಿ.ಟಿ.ಎ. ಇದ್ದು ಪಿಎಚ್ 8 ಆಗಿದ್ದರೆ ಸರಿ. ಅದಕ್ಕೆ ಮಿಲಿಲೀಟರಿಗೆ ಒಂದು ಮಿಲಿಗ್ರಾಮಿನಂತೆ ಲೈಸೊಜೈಮ್ ಬೆರೆಸಿ ಅರ್ಧ ಗಂಟೆ ಮಂಜುಗಡ್ಡೆಯಲ್ಲಿಟ್ಟು, ಬಳಿಕ ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಕರಗಿಸುವುದನ್ನು ಎರಡು ಮೂರು ಸಾರಿ ಮಾಡಿದರೆ ಸಡಿಲಗೊಂಡ ಕೋಶಗಳು ತಾವಾಗಿಯೇ ಬಿರಿಯುತ್ತವೆ. ಕೋಶ ಬಿರಿದಾಗ ಪ್ರೋಟೀನಿನ ಜೊತೆಗೆ ಡಿ.ಎನ್.ಎ.ಯೂ ಹೊರಬಂದು ದ್ರಾವಣವೆಲ್ಲ ಲೋಳೆಲೋಳೆಯಾಗುವುದು. ವಿದ್ಯಾರ್ಥಿಗಳು ಇದನ್ನು ಕಂಡು ಪ್ರಯೋಗ ಕೆಟ್ಟಿತೆಂದು ಚೆಲ್ಲಿಬಿಡುವುದುಂಟು. ಕೆಟ್ಟಿಲ್ಲ, ಕೋಶ ಒಡೆದಿದೆ ಎಂಬುದಕ್ಕೆ ಆ ಲೋಳೆಯೇ ಸಾಕ್ಷಿ. ಡಿ.ಎನ್.ಎ.ಯನ್ನು ತುಂಡರಿಸುವ ಕಿಣ್ವವನ್ನು ಸ್ವಲ್ಪ ಸೇರಿಸಿದರೆ ದ್ರಾವಣ ತೆಳುವಾಗುತ್ತದೆ. ಆದರೆ ಆ ಕಿಣ್ವಕ್ಕೆ ಮೆಗ್ನೀಸಿಯಮ್ ಬೇಕು, ಅದನ್ನು ಇ.ಡಿ.ಟಿ.ಎ. ಮೊದಲೇ ಕಸಿದುಕೊಂಡಿರುತ್ತದೆ, ಆದುದರಿಂದ ಇ.ಡಿ.ಟಿ.ಎ.ಗಿಂತ ಹೆಚ್ಚಿನ ಪ್ರಮಾಣದಲ್ಲಿ, 5 ಮಿಲಿಮೋಲಾರಿನಷ್ಟು ಮೆಗ್ನೀಸಿಯಮ್ ಕ್ಲೋರೈಡನ್ನು ಸೇರಿಸಬೇಕು. ಕೊನೆಗೆ ತಂಪಿನಲ್ಲಿಯೇ ಮತ್ತೊಮ್ಮೆ ವೇಗವಾಗಿ ತಿರುಗಿಸಿದರೆ ಗೋಡೆಯ ಚೂರುಗಳು ತಳಕ್ಕಿಳಿದು ಮೇಲೆ ತಿಳಿಯಾದ ಪ್ರೋಟೀನು ದ್ರಾವಣ ನಿಲ್ಲುತ್ತದೆ.

ತಂಪು ಇಲ್ಲಿ ಅಲಂಕಾರಕ್ಕಲ್ಲ. ಕೋಶ ಒಡೆದೊಡನೆ ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳೂ ಬಿಡುಗಡೆಯಾಗಿ ನೆರೆಹೊರೆಯ ಪ್ರೋಟೀನುಗಳನ್ನೆಲ್ಲ ಕಡಿಯತೊಡಗುತ್ತವೆ. ಅವುಗಳನ್ನು ತಡೆಯಲು ಬಹುಕಾಲದಿಂದ ಬಳಕೆಯಲ್ಲಿರುವ ಪಿ.ಎಂ.ಎಸ್.ಎಫ್. ಸ್ವತಃ ವಿಷ. ಮಂಜುಗಡ್ಡೆಯ ಮೇಲೆ ಚುರುಕಾಗಿ ಕೆಲಸ ಮುಗಿಸುವವನಿಗೆ ತರಗತಿಯ ಪ್ರಯೋಗದಲ್ಲಿ ಅದರ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ದಾನಿಗಳು ಪ್ರಯೋಗಶಾಲೆಗೆ ಏನನ್ನಾದರೂ ಕೊಡಬಯಸುವಾಗ ಶಬ್ದತರಂಗದ ಯಂತ್ರದ ಹೆಸರು ಮೊದಲು ಕಿವಿಗೆ ಬೀಳುತ್ತದೆ. ಅದರ ಬೆಲೆಯೂ ಹೆಚ್ಚು, ಮರ್ಯಾದೆಯೂ ಹೆಚ್ಚು. ಮಂಜುಗಡ್ಡೆ ಮಾಡುವ ಯಂತ್ರ, ಒಳ್ಳೆಯ ಶೀತಪೆಟ್ಟಿಗೆ, ತಂಪಾಗಿ ತಿರುಗುವ ಸಣ್ಣ ಸೆಂಟ್ರಿಫ್ಯೂಜ್ ಇವು ಮೂರಿದ್ದರೆ ಮೇಲಿನ ಕ್ರಮಕ್ಕೆ ಸಾಕು; ವಿದ್ಯುತ್ತು ಮಾತ್ರ ಕೈಕೊಡಬಾರದು.

ಲೈಸೊಜೈಮಿನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಪೇಟೆಯಲ್ಲಿ ಸಿಗುವ ಪುಡಿ ಸಾಮಾನ್ಯವಾಗಿ ಕೋಳಿಮೊಟ್ಟೆಯ ಬಿಳಿಯಿಂದ ತೆಗೆದದ್ದು. ಶಾಕಾಹಾರದ ಮನೆಗಳಿಂದ ಬಂದ ಮಕ್ಕಳಿಗೆ ಅದನ್ನು ಮುಟ್ಟಲು ಸಂಕೋಚವಾದರೆ ಒತ್ತಾಯಿಸಬೇಕಾದ ಕಾರಣವಿಲ್ಲ. 1965ರಲ್ಲಿ ನ್ಯೂ ಮತ್ತು ಹೆಪ್ಪೆಲ್ ಎಂಬಿಬ್ಬರು ವಿವರಿಸಿದ ವಿಧಾನದಲ್ಲಿ ಲೈಸೊಜೈಮಿನ ಮಾತೇ ಇಲ್ಲ. ಕೋಶಗಳನ್ನು ಇ.ಡಿ.ಟಿ.ಎ. ಕೂಡಿದ ಶೇಕಡ 20ರ ಸಕ್ಕರೆಯ ದ್ರಾವಣದಲ್ಲಿ ಕೆಲಹೊತ್ತು ಇರಿಸಿದರೆ ಒಳಗಿನ ನೀರು ಹೊರಕ್ಕೆ ಬಂದು ಅವು ಕುಗ್ಗುತ್ತವೆ. ಉಪ್ಪಿನಲ್ಲಿ ಹಾಕಿದ ಮಾವಿನ ಹೋಳು ಕುಗ್ಗುವಂತೆ. ಆಮೇಲೆ ಥಟ್ಟನೆ ತಣ್ಣೀರಿಗೆ ಹಾಕಿದಾಗ ನೀರು ಒಳನುಗ್ಗುವ ರಭಸಕ್ಕೆ ಹೊರಪೊರೆಗೂ ಒಳಪೊರೆಗೂ ನಡುವೆ ಇದ್ದ ಪ್ರೋಟೀನುಗಳು ಮಾತ್ರ ಹೊರಬೀಳುತ್ತವೆ. ಒಳಕೋಣೆಯ ಪ್ರೋಟೀನುಗಳು ಬಹುತೇಕ ಅಲ್ಲಿಯೇ ಉಳಿಯುತ್ತವೆ. ಎಲ್ಲವೂ ಸಿಗುವುದಿಲ್ಲ ಎಂಬುದು ಇದರ ಕೊರತೆ. ಸಿಕ್ಕಿದ್ದರಲ್ಲಿ ಕಲಬೆರಕೆ ಕಡಮೆ ಎಂಬುದು ಗುಣ. ಯೀಸ್ಟಿನಂಥ ಜೀವಿ ಪ್ರೋಟೀನನ್ನು ತಾನೇ ಹೊರಕ್ಕೆ ಸ್ರವಿಸುವಂತೆ ಮಾಡಿದರೆ ಒಡೆಯುವ ಪ್ರಸಂಗವೇ ಇಲ್ಲ. 2004ರಲ್ಲಿ ಬಯೋಕಾನ್ ಮಾರುಕಟ್ಟೆಗೆ ತಂದ ಇನ್ಸುಲಿನ್ ಪಿಕಿಯ ಎಂಬ ಯೀಸ್ಟಿನಿಂದ ಪಡೆದದ್ದು.

ಹೀಗೆ ದೊರೆತ ದ್ರಾವಣದಲ್ಲಿ ಯಾವ ಯಾವ ಪ್ರೋಟೀನುಗಳಿವೆಯೆಂದು ನೋಡಲು ಜೆಲ್ ಬೇಕು. ಪಾಲಿಅಕ್ರಿಲಮೈಡ್ ಎಂಬ ತೆಳ್ಳನೆಯ ಲೋಳೆಹಲಗೆಯಲ್ಲಿ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಓಡಿಸಿದರೆ ಸಣ್ಣವು ಮುಂದಕ್ಕೂ ದೊಡ್ಡವು ಹಿಂದಕ್ಕೂ ಆಗಿ ಸಾಲುಗೆರೆಗಳಾಗುತ್ತವೆ. 1970ರಲ್ಲಿ ಲೆಮ್ಲಿ ಪ್ರಕಟಿಸಿದ ವಿಧಾನವೇ ಎಲ್ಲೆಡೆ ರೂಢಿಯಲ್ಲಿದೆ. ಅದರಲ್ಲಿ ಪ್ರೋಟೀನನ್ನು ಎಸ್.ಡಿ.ಎಸ್. ಎಂಬ ಮಾರ್ಜಕದೊಂದಿಗೆ ಕುದಿಸಲಾಗುತ್ತದೆ. ಅಷ್ಟು ಜತನದಿಂದ ತಂಪಿನಲ್ಲಿ ತೆಗೆದದ್ದನ್ನು ಕಡೆಗೆ ಕುದಿಸುವುದಾದರೆ ಜತನವೇಕೆ ಎಂದು ಜಾಣ ವಿದ್ಯಾರ್ಥಿ ಕೇಳದೆ ಬಿಡುವುದಿಲ್ಲ. ಕುದಿಸುವುದು ಕೆಲವು ಹನಿಗಳನ್ನು ಮಾತ್ರ. ಮಿಕ್ಕದ್ದು ಜೀವಂತ ಕಿಣ್ವವಾಗಿ ಉಳಿದಿರುತ್ತದೆ, ಅದರ ಕೆಲಸವನ್ನು ಬೇರೆ ಅಳೆಯಬಹುದು. ಅಲ್ಲದೆ ಅಜಾಗರೂಕತೆಯಿಂದ ತೆಗೆದ ಪ್ರೋಟೀನು ಕಡಿದುಹೋಗಿದ್ದರೆ ಜೆಲ್ಲಿನ ಮೇಲೆ ಒಂದು ಗೆರೆ ಇರಬೇಕಾದಲ್ಲಿ ಹತ್ತು ಕಾಣಿಸಿಕೊಂಡು ದಾರಿ ತಪ್ಪಿಸುತ್ತವೆ. ಇದೇ ಸಂದರ್ಭದಲ್ಲಿ ಇನ್ನೊಂದು ಎಚ್ಚರ ಹೇಳಬೇಕು. ಜೆಲ್ಲಿನ ಕೆಳತುದಿಯಲ್ಲಿ, 14,300 ಡಾಲ್ಟನ್ ತೂಕದ ಸ್ಥಳದಲ್ಲಿ, ದಪ್ಪನೆಯ ಗೆರೆಯೊಂದು ಕಾಣುತ್ತದೆ. ಅದು ಬ್ಯಾಕ್ಟೀರಿಯದ್ದಲ್ಲ, ಪ್ರಯೋಗ ಮಾಡಿದವನೇ ಬೆರೆಸಿದ ಲೈಸೊಜೈಮ್. ಶುದ್ಧ ಲೈಸೊಜೈಮನ್ನು ಪಕ್ಕದ ಸಾಲಿನಲ್ಲಿ ಓಡಿಸಿ ತಾಳೆನೋಡುವುದು ಉತ್ತಮ.

ಜೆಲ್ಲಿನ ಮೂಲದ್ರವ್ಯವಾದ ಅಕ್ರಿಲಮೈಡ್ ನರಗಳಿಗೆ ವಿಷ. ಗಟ್ಟಿಯಾಗಿ ಜೆಲ್ಲಾದ ಮೇಲೆ ಅಪಾಯ ಬಹಳ ಕಡಮೆ. 1997ರಲ್ಲಿ ಸ್ವೀಡನ್ನಿನ ಹಲ್ಲಾಂಡ್ಸೋಸ್ ಎಂಬಲ್ಲಿ ರೈಲುಸುರಂಗದ ಬಿರುಕು ಮುಚ್ಚಲು ಬಳಸಿದ ದ್ರಾವಣದಿಂದ ಅಕ್ರಿಲಮೈಡ್ ಹಳ್ಳಕ್ಕೆ ಸೇರಿ ಮೀನುಗಳು ಸತ್ತವು, ಆ ನೀರು ಕುಡಿದ ಹಸುಗಳ ಕಾಲು ಬಿದ್ದುಹೋದವು. ಪುಡಿಯನ್ನು ತೂಗುವಾಗ ಏಳುವ ದೂಳೇ ಹೆಚ್ಚು ಅಪಾಯಕರವಾದುದರಿಂದ ತರಗತಿಗಳಿಗೆ ಕಲಸಿದ ದ್ರಾವಣವನ್ನೇ ಕೊಳ್ಳುವುದು, ಕೈಚೀಲ ತೊಡುವುದು ಕಡ್ಡಾಯವಾಗಬೇಕು.

ಇನ್ನು ಬಣ್ಣದ ಕಥೆ. ಇದರಲ್ಲಿ ದಾವಣಗೆರೆಯವರಿಗೆ ವಿಶೇಷ ಆಸಕ್ತಿ ಹುಟ್ಟಬಹುದು. ಹತ್ತಿಯ ಗಿರಣಿಗಳ ದೆಸೆಯಿಂದ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂದಿತ್ತು. ಪ್ರೋಟೀನುಗಳಿಗೆ ಹಚ್ಚುವ ಕೂಮಾಸಿ ನೀಲಿಯ ಹೆಸರು ಹೊರಟದ್ದೂ ಮ್ಯಾಂಚೆಸ್ಟರಿನಿಂದಲೇ, ಅಲ್ಲಿನ ಬ್ಲ್ಯಾಕ್ಲಿಯಲ್ಲಿದ್ದ ಲೆವಿನ್‌ಸ್ಟೈನ್ ಎಂಬ ಬಣ್ಣದ ಕಾರ್ಖಾನೆಯಿಂದ. 1896ರಲ್ಲಿ ಬ್ರಿಟಿಷ್ ಸೈನ್ಯ ಪಶ್ಚಿಮ ಆಫ್ರಿಕದ ಅಶಾಂತಿ ರಾಜ್ಯದ ರಾಜಧಾನಿ ಕುಮಾಸಿಯನ್ನು ಹಿಡಿದು ಅರಸ ಪ್ರೆಂಪೆಯನ್ನು ಸೆರೆಯೊಯ್ದಿತು. ಆ ಊರಿನ ಹೆಸರನ್ನೇ ವ್ಯಾಪಾರದ ಗುರುತಾಗಿ ಉಣ್ಣೆಯ ಬಣ್ಣಗಳಿಗೆ ಇಟ್ಟರು. ಸೋತ ರಾಜ್ಯವೊಂದರ ಹೆಸರು ಇಂದಿಗೂ ಲೋಕದ ಪ್ರಯೋಗಶಾಲೆಗಳ ಸೀಸೆಗಳ ಮೇಲೆ ಅಂಟಿಕೊಂಡು ಉಳಿದಿದೆ.

ಉಣ್ಣೆಗೆ ಹತ್ತುವ ಬಣ್ಣ ಹತ್ತಿಗೇಕೆ ಹತ್ತುವುದಿಲ್ಲವೆಂಬುದು ಬಣ್ಣಗಾರರಿಗೆ ಹಳೆಯ ಅನುಭವ. ಹತ್ತಿ ಸೆಲ್ಯುಲೋಸ್, ಉಣ್ಣೆ, ರೇಷ್ಮೆಗಳು ಪ್ರೋಟೀನು. ಕೂಮಾಸಿ ಋಣ ವಿದ್ಯುದಂಶವುಳ್ಳ ಬಣ್ಣ. ಆಮ್ಲದ ಸನ್ನಿಧಿಯಲ್ಲಿ ಪ್ರೋಟೀನಿನ ಆರ್ಜಿನೀನ್ ಮುಂತಾದ ಅಮೈನೊ ಆಮ್ಲಗಳು ಧನ ವಿದ್ಯುದಂಶವನ್ನು ಪಡೆದು ಅದನ್ನು ಸೆಳೆದುಕೊಳ್ಳುತ್ತವೆ. ಹೀಗಾಗಿ ಗಿರಣಿಯ ಹತ್ತಿಬಟ್ಟೆಯನ್ನು ಈ ನೀಲಿಯಲ್ಲಿ ಅದ್ದಿದರೆ ತೊಳೆದೊಡನೆ ಬಹುಪಾಲು ಹೋಗುತ್ತದೆ. ಕಂಬಳಿಯ ಎಳೆಯನ್ನು ಅದ್ದಿದರೆ ಉಳಿಯುತ್ತದೆ. ಕಂಬಳಿಗೆ ನಿಜವಾದದ್ದು ಬ್ಯಾಕ್ಟೀರಿಯದ ಪ್ರೋಟೀನಿಗೂ ನಿಜವಾಗಲೇಬೇಕು. 1963ರಲ್ಲಿ ಫಜೇಕಸ್ ದ ಸೇಂಟ್ ಗ್ರೋಥ್, ವೆಬ್‌ಸ್ಟರ್ ಮತ್ತು ಡಾಟಿನರ್ ಉಣ್ಣೆಯ ನಾಡಾದ ಆಸ್ಟ್ರೇಲಿಯದಲ್ಲಿ ಇದನ್ನು ಪ್ರಯೋಗಶಾಲೆಗೆ ತಂದರು. 1976ರಲ್ಲಿ ಬ್ರಾಡ್‌ಫರ್ಡ್ ಎಂಬ ಅಮೆರಿಕದ ವಿಜ್ಞಾನಿ, ಈ ಬಣ್ಣ ಪ್ರೋಟೀನನ್ನು ಕೂಡಿದಾಗ ಕೆಂಗಂದಿನಿಂದ ನೀಲಿಗೆ ತಿರುಗುವುದನ್ನೇ ಆಧರಿಸಿ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ಕೊಟ್ಟನು.

ಬಣ್ಣ ಸಾಧು, ಅದನ್ನು ಕರಗಿಸುವ ದ್ರವ ಸಾಧುವಲ್ಲ. ರೂಢಿಯ ವಿಧಾನದಲ್ಲಿ ನೂರಕ್ಕೆ ನಲವತ್ತರಿಂದ ಐವತ್ತು ಪಾಲು ಮೆಥನಾಲ್, ಹತ್ತು ಪಾಲು ಅಸಿಟಿಕ್ ಆಮ್ಲ ಬೇಕು. ಹೆಚ್ಚಾದ ಬಣ್ಣವನ್ನು ಕಳೆಯಲು ಅಂಥದೇ ದ್ರವವನ್ನು ಮತ್ತೆ ಮತ್ತೆ ಬದಲಾಯಿಸಬೇಕು. ಮೆಥನಾಲ್ ಏನೆಂಬುದನ್ನು ಕರ್ನಾಟಕ ಕಹಿಯಾಗಿ ಅರಿತಿದೆ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಅದು ಬೆರೆತ ಕಳ್ಳಭಟ್ಟಿಯನ್ನು ಕುಡಿದು ಮುನ್ನೂರಕ್ಕೂ ಮಿಕ್ಕಿದ ಬಡವರು ಸತ್ತರು. ದೇಹದಲ್ಲಿ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಪ್ರಯೋಗಶಾಲೆಯಲ್ಲಿ ಅದನ್ನು ಯಾರೂ ಕುಡಿಯುವುದಿಲ್ಲ, ನಿಜ. ಆದರೆ ಅದು ಉಸಿರಿನಲ್ಲಿಯೂ ಚರ್ಮದ ಮೂಲಕವೂ ಒಳಸೇರಬಲ್ಲದು, ಸುಲಭವಾಗಿ ಬೆಂಕಿ ಹತ್ತಿಸಿಕೊಳ್ಳುತ್ತದೆ, ಮತ್ತು ಬಳಸಿ ಮುಗಿದ ಮೇಲೆ ಬಚ್ಚಲಿಗೆ ಹೋಗುತ್ತದೆ. ಬಚ್ಚಲ ನೀರು ಕಡೆಗೆ ಎಲ್ಲಿ ಸೇರುತ್ತದೆಂದು ಹರಿಹರದವರಿಗೆ ಹೇಳಿಕೊಡಬೇಕಾಗಿಲ್ಲ. 1980ರ ದಶಕದಲ್ಲಿ ತುಂಗಭದ್ರೆಯ ನೀರು ಕೆಟ್ಟಾಗ ದಂಡೆಯ ಹಳ್ಳಿಗಳ ಜನ ದನಿಯೆತ್ತಿದ್ದರು. ಪ್ರಯೋಗಶಾಲೆಯ ಪಾಲು ಕಾರ್ಖಾನೆಯದರ ಮುಂದೆ ಅತ್ಯಲ್ಪವೆಂದು ವಾದಿಸಬಹುದು. ವಿಜ್ಞಾನ ಕಲಿಸುವ ಸ್ಥಳದಿಂದ ಬಂದಾಗ ಆ ವಾದಕ್ಕೆ ಬೆಲೆ ಕಡಮೆ.

ನಿರಪಾಯವಾದ ವಿಧಾನ 2009ರಲ್ಲಿ ಲಾರೆನ್ಸ್ ಮತ್ತು ಬೆಸಿರ್ ಎಂಬವರಿಂದ ವಿವರವಾಗಿ ಪ್ರಕಟವಾಯಿತು. ಇದರಲ್ಲಿ ಮೆಥನಾಲೂ ಇಲ್ಲ, ಅಸಿಟಿಕ್ ಆಮ್ಲವೂ ಇಲ್ಲ. ಜಿ-250 ಎಂಬ ಗುರುತಿನ ಕೂಮಾಸಿಯನ್ನು ಒಂದು ಲೀಟರ್ ಭಟ್ಟಿಯಿಳಿಸಿದ ನೀರಿಗೆ 60ರಿಂದ 80 ಮಿಲಿಗ್ರಾಂ ಹಾಕಿ ಎರಡು ಮೂರು ಗಂಟೆ ಕಲಕಬೇಕು. ಬಳಿಕ ಮೂರು ಮಿಲಿಲೀಟರ್ ಗಾಢ ಹೈಡ್ರೊಕ್ಲೋರಿಕ್ ಆಮ್ಲವನ್ನು ನಿಧಾನವಾಗಿ ಸೇರಿಸಬೇಕು. ಗಾಢ ಆಮ್ಲವನ್ನು ಅಳೆಯುವ ಕೆಲಸ ಅಧ್ಯಾಪಕರದೇ ಆಗಿರಲಿ. ಜೆಲ್ಲನ್ನು ಮೊದಲು ನೀರಿನಲ್ಲಿಟ್ಟು, ಕುದಿ ಬರುವ ಮುನ್ನ ನಿಲ್ಲುವಷ್ಟು ಬಿಸಿಮಾಡಿ ಕೆಲವು ನಿಮಿಷ ಅಲುಗಾಡಿಸಿ ನೀರು ಚೆಲ್ಲಬೇಕು. ಹೀಗೆ ಎರಡು ಮೂರು ಸಾರಿ ಮಾಡಿದಾಗ ಪ್ರೋಟೀನಿಗೆ ಅಂಟಿದ್ದ ಎಸ್.ಡಿ.ಎಸ್. ಹೊರಟುಹೋಗುತ್ತದೆ. ಅದು ಉಳಿದರೆ ಬಣ್ಣ ಕುಳಿತುಕೊಳ್ಳಬೇಕಾದ ಜಾಗವನ್ನು ಅದೇ ಆಕ್ರಮಿಸಿರುತ್ತದೆ. ಈ ತೊಳೆಯುವಿಕೆಯಲ್ಲಿ ಅವಸರಪಟ್ಟವರ ಜೆಲ್ಲು ಮಸುಕಾಗುತ್ತದೆ. ಆಮೇಲೆ ಬಣ್ಣದ ದ್ರಾವಣವನ್ನು ಸುರಿದು ಮತ್ತೆ ಸ್ವಲ್ಪ ಬಿಸಿಮಾಡಿದರೆ ನಿಮಿಷಗಳಲ್ಲಿಯೇ ಗೆರೆಗಳು ಮೂಡತೊಡಗಿ ಅರ್ಧ ಗಂಟೆಯಲ್ಲಿ ಸ್ಪಷ್ಟವಾಗುತ್ತವೆ. ಮೆಥನಾಲ್ ಇರುವ ಹಳೆಯ ದ್ರಾವಣವನ್ನು ಮಾತ್ರ ಯಾವ ಕಾರಣಕ್ಕೂ ಒಲೆಯ ಮೇಲಾಗಲಿ ಮೈಕ್ರೊವೇವ್ ಒಲೆಯಲ್ಲಾಗಲಿ ಇಡಕೂಡದು.

ಬೆಳ್ಳಿಯ ಲವಣದಿಂದ ಬಣ್ಣಗೊಳಿಸಿದರೆ ಇದಕ್ಕಿಂತ ಎಷ್ಟೋ ಕಡಮೆ ಪ್ರೋಟೀನನ್ನು ಕಾಣಬಹುದು. ಅದಕ್ಕೆ ಫಾರ್ಮಾಲ್ಡಿಹೈಡ್ ಬೇಕು. ತರಗತಿಗೆ ಅದು ಅನಗತ್ಯ. ಡಿ.ಎನ್.ಎ.ಯ ಜೆಲ್ಲುಗಳಿಗೆ ಹಾಕುವ ಎಥಿಡಿಯಮ್ ಬ್ರೋಮೈಡ್ ಮೊದಲಿಗೆ ದನಗಳ ರೋಗಕ್ಕೆ ಮದ್ದಾಗಿ ಬಂದದ್ದು. 1970ರ ದಶಕದ ಪರೀಕ್ಷೆಗಳಲ್ಲಿ ಅದು ಬ್ಯಾಕ್ಟೀರಿಯದ ವಂಶವಾಹಿಗಳನ್ನು ಕೆಡಿಸಬಲ್ಲದೆಂದು ತಿಳಿಯಿತು. ನೀಲಿ ಬೆಳಕಿನಲ್ಲಿ ಹೊಳೆಯುವ ಹೊಸ ಬಣ್ಣಗಳು ಈಗ ದೊರೆಯುವುದರಿಂದ ಅದನ್ನೂ, ಕಣ್ಣಿಗೆ ಕೆಡುಕಾದ ಅತಿನೇರಳೆ ದೀಪವನ್ನೂ ಒಟ್ಟಿಗೆ ಬಿಡಬಹುದು.

ಕೂಮಾಸಿಯ ಜೆಲ್ಲಿನಲ್ಲಿ ಉಳಿದ ಹೆಚ್ಚಿನ ನೀಲಿಯನ್ನು ಕಳೆಯಲು ಬರಿಯ ನೀರು ಸಾಕು. ನೀರಿನ ತಟ್ಟೆಯಲ್ಲಿ ಬಣ್ಣ ಹಾಕದ ಬಿಳಿಯ ಉಣ್ಣೆಯ ಎಳೆಗಳನ್ನು ಜೆಲ್ಲಿನ ಪಕ್ಕದಲ್ಲಿ ಬಿಟ್ಟರೆ ಬಿಡಿಯಾಗಿ ತೇಲುವ ಬಣ್ಣವನ್ನು ಅವು ಹೀರಿಕೊಳ್ಳುತ್ತವೆ. ನೀರನ್ನು ಪದೇ ಪದೇ ಬದಲಿಸುವ ಶ್ರಮ ತಪ್ಪುತ್ತದೆ. ಕುರಿಯ ಕರಿಯ ಉಣ್ಣೆಯೂ ಹೀರಬಲ್ಲದು, ಆದರೆ ಎಷ್ಟು ಹೀರಿತೆಂದು ಅದರಲ್ಲಿ ತಿಳಿಯುವುದಿಲ್ಲ. ಈ ವಿಧಾನಕ್ಕೆ ಒಂದು ಮಿತಿಯಿದೆ. ಮೆಥನಾಲ್ ಮತ್ತು ಅಸಿಟಿಕ್ ಆಮ್ಲಗಳು ಪ್ರೋಟೀನನ್ನು ಜೆಲ್ಲಿನೊಳಗೆ ಹೆಪ್ಪುಗಟ್ಟಿಸಿ ಹಿಡಿದಿಡುತ್ತಿದ್ದವು. ಬಿಸಿನೀರಿಗೆ ಆ ಗುಣವಿಲ್ಲ. ಬಲು ಸಣ್ಣ ಪ್ರೋಟೀನುಗಳು ತೊಳೆಯುವಾಗ ಸೋರಿಹೋಗಬಹುದು. ಅಂಥವನ್ನು ಹುಡುಕುವ ಪ್ರಯೋಗವಾದರೆ ಮೊದಲು ಎಥನಾಲ್ ಮತ್ತು ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ, ಕಿಟಕಿ ತೆರೆದು, ಅರ್ಧ ಗಂಟೆ ಜೆಲ್ಲನ್ನು ನೆನೆಸಿ ಆಮೇಲೆ ತಣ್ಣೀರಿನಲ್ಲಿ ತೊಳೆದು ಬಣ್ಣಕ್ಕೆ ಹಾಕುವುದು ಲೇಸು.